ಉದ್ರಿ ಪುಸ್ತಕ ಮುಚ್ಚಿದ ಮೇಲೆ

2018ರ ಏಪ್ರಿಲ್‌ನಲ್ಲಿ ಮೊದಲ ಸಲ ವಿಧಾನಸಭೆ ಚುನಾವಣೆಗೆ ವೋಟು ಕೇಳಲು ಹೋದಾಗ ಒಂದು ಹಳ್ಳಿಯಲ್ಲಿ ನಾಲ್ಕೈದು ಮನೆಯವರು ಬಾಗಿಲು ಹಾಕಿಕೊಂಡರು. ಒಳಗೆ ಜನ ಇದ್ದರು. ಹೆಂಚಿನ ಸಂದಿಯಿಂದ ಒಲೆಯ ಹೊಗೆ ಬರುತ್ತಿತ್ತು. ಜೊತೆಯಲ್ಲಿದ್ದ ಹುಡುಗ ಮೆಲ್ಲಗೆ ಹೇಳಿದ: "ಅಣ್ಣ, ಇವರೆಲ್ಲ ನಿಮಗೆ ಬಾಕಿ ಕೊಡಬೇಕಾದವರು. ವಸೂಲಿಗೆ ಬಂದಿದ್ದೀರಿ ಅಂದ್ಕೊಂಡಿದ್ದಾರೆ."

ಆ ಮಾತು ನನಗೆ ಬಹಳ ನಾಟಿತು.

ನನ್ನದು ಪೈಪಿನ ವ್ಯಾಪಾರ. ಮಧ್ಯ ಕರ್ನಾಟಕದ ಒಣ ಸೀಮೆಯಲ್ಲಿ ಇಪ್ಪತ್ತೆರಡು ವರ್ಷ ಹ್ಯೂಮ್ ಪೈಪ್, ಅಂದರೆ ದೊಡ್ಡ ಕಾಂಕ್ರೀಟ್ ಪೈಪು, ಮಾಡಿ ಮಾರಿದ್ದೇನೆ. ಪಕ್ಕದಲ್ಲೇ ಬೋರಿಗೆ ಇಳಿಸುವ ಕೇಸಿಂಗ್, ಪಿವಿಸಿ ಪೈಪು, ಮೋಟಾರು ಮಾರುವ ಅಂಗಡಿ ಇತ್ತು. ಉದ್ರಿ ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಬೋರು ಕೊರೆಸಿದ ರೈತನ ಕೈಯಲ್ಲಿ ಆ ಹೊತ್ತಿಗೆ ಕಾಸಿರುವುದಿಲ್ಲ. ಸುಗ್ಗಿಯಲ್ಲಿ ಕೊಡುತ್ತಾನೆ. ಮಳೆ ಕೈಕೊಟ್ಟರೆ ಮುಂದಿನ ಸುಗ್ಗಿ. ನಾನು ಯಾರನ್ನೂ ಬೀದಿಯಲ್ಲಿ ನಿಲ್ಲಿಸಿ ಕೇಳಿದವನಲ್ಲ. ಆದರೂ ಬಾಕಿ ಇರುವವನಿಗೆ ಬಾಕಿಯದೇ ಯೋಚನೆ, ಅಲ್ವಾ?

ಅವತ್ತು ರಾತ್ರಿ ಪುಸ್ತಕ ತೆಗೆದು ನೋಡಿದೆ. ಪ್ರತಿ ಹಳ್ಳಿಯಲ್ಲೂ ಹತ್ತಿಪ್ಪತ್ತು ಹೆಸರು. ಎಲ್ಲ ಬಾಕಿಗೂ ಗೆರೆ ಎಳೆದುಬಿಡೋಣ ಅಂತ ಅನ್ನಿಸಿತು. ಬೆಳಿಗ್ಗೆ ವಕೀಲರಿಗೆ ಫೋನ್ ಮಾಡಿದೆ. ಅವರು ಗಾಬರಿಯಾದರು. "ಈಗ ಮನ್ನಾ ಮಾಡಿದರೆ ಅದು ಮತದಾರರಿಗೆ ಕೊಟ್ಟ ಲಂಚ ಆಗುತ್ತೆ. ಗೆದ್ದರೂ ಆಯ್ಕೆ ರದ್ದಾಗಬಹುದು. ಪುಸ್ತಕ ಮುಟ್ಟಬೇಡಿ" ಎಂದರು. ಜನಪ್ರತಿನಿಧಿ ಕಾಯ್ದೆಯ 123ನೇ ಕಲಮು ಓದಿ ಹೇಳಿದರು. ಸಾಲ ಕೇಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಪುಸ್ತಕವನ್ನು ಮ್ಯಾನೇಜರ್ ಕೈಗೆ ಕೊಟ್ಟು, ಚುನಾವಣೆ ಮುಗಿಯುವ ತನಕ ಯಾರ ಹತ್ತಿರವೂ ಬಾಕಿಯ ಮಾತು ಎತ್ತಬೇಡ ಎಂದು ಹೇಳಿದೆ. ಆದರೆ ಆ ಬಾಗಿಲುಗಳು ತೆರೆಯಲಿಲ್ಲ.

ಆ ಸಲ ನಾನು ಪಕ್ಷೇತರ. ಪಕ್ಷೇತರನಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಠೇವಣಿ 10,000 ರೂಪಾಯಿ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಅದು ಹೋಯಿತು. ಮೇ 15ರಂದು ಎಣಿಕೆ. ಸೋತೆ, ಠೇವಣಿ ಉಳಿಯಿತು.

ಸೋತ ಮೇಲೆ ಪುಸ್ತಕದ ಕೆಲಸಕ್ಕೆ ಕೈ ಹಾಕಿದೆ. ಹೊಸ ಉದ್ರಿ ನಿಲ್ಲಿಸಿದೆ. ಹಳೆ ಬಾಕಿಗೆ ಬಡ್ಡಿ ಹಚ್ಚದೆ ಕಂತು ಮಾಡಿಕೊಟ್ಟೆ. ಕೊಡುವವರು ಅಂಗಡಿಗೇ ಬಂದು ಕೊಟ್ಟು ರಸೀದಿ ತೆಗೆದುಕೊಂಡು ಹೋಗಬೇಕು, ನಾನು ಯಾರ ಮನೆಗೂ ಹೋಗುವುದಿಲ್ಲ. ನಾಲ್ಕು ವರ್ಷ ಹಿಡಿಯಿತು. ನಿಜವಾಗಿ ಕೈಲಾಗದ ಕೆಲವರ ಬಾಕಿಯನ್ನು ಮುಂದಿನ ಚುನಾವಣೆಗೆ ಮೂರು ವರ್ಷ ಇರುವಾಗಲೇ ಲೆಕ್ಕದಿಂದ ತೆಗೆದೆ, ಸುದ್ದಿ ಮಾಡಲಿಲ್ಲ. ವ್ಯಾಪಾರಸ್ಥರು ಯಾರಾದರೂ ರಾಜಕೀಯಕ್ಕೆ ಬರುತ್ತೇನೆ ಎಂದರೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಊರಲ್ಲಿ ನಿಮಗೆ ಯಾರು ಯಾರು ಬಾಕಿ ಇದ್ದಾರೆ? ಸಾಲ ಇಟ್ಟುಕೊಂಡವನ ಹತ್ತಿರ ವೋಟು ಕೇಳುವುದು ತಪ್ಪು ಎಂದೇ ನನ್ನ ನಂಬಿಕೆ. ಅವನು 'ಹೂಂ' ಅಂದರೆ ಅದು ಮನಸ್ಸಿನ ಮಾತೋ ಹೆದರಿಕೆಯೋ ಗೊತ್ತಾಗುವುದಿಲ್ಲ.

ಇನ್ನೊಂದು ಲೆಕ್ಕ ಸರ್ಕಾರದ ಜೊತೆಗಿನದು. ನಮ್ಮ ಪೈಪು ರಸ್ತೆಯ ಮೋರಿಗಳಿಗೆ ಹೋಗುತ್ತಿತ್ತು. ಒಂದು ಇಲಾಖೆಯ ಎರಡು ಸರಬರಾಜು ಆರ್ಡರ್ 2018ರ ಆರಂಭದಲ್ಲಿ ಕೈಯಲ್ಲಿದ್ದವು. ಶಾಸಕನಾದವನು ವ್ಯಾಪಾರ ಮಾಡಬಾರದು ಎಂದು ಕಾನೂನು ಹೇಳುವುದಿಲ್ಲ. ಆದರೆ ಜನಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ ರಾಜ್ಯ ಸರ್ಕಾರಕ್ಕೆ ಸರಕು ಕೊಡುವ ಅಥವಾ ಕಾಮಗಾರಿ ಮಾಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅವನು ಅನರ್ಹ. ನಮ್ಮ ಕಡೆಯ ಕೆಲಸ ಪೂರ್ತಿ ಮುಗಿದು, ಸರ್ಕಾರ ದುಡ್ಡು ಕೊಡುವುದು ಮಾತ್ರ ಬಾಕಿ ಇದ್ದರೆ ಗುತ್ತಿಗೆ ಮುಗಿದ ಹಾಗೆಯೇ ಲೆಕ್ಕ. ಇದು ಎಷ್ಟೋ ಗುತ್ತಿಗೆದಾರರಿಗೆ ಗೊತ್ತಿಲ್ಲ. ಹಗಲೂ ರಾತ್ರಿ ಪೈಪು ಎರೆದು, ನೀರುಣಿಸಿ ಗಟ್ಟಿ ಮಾಡುವ ಕ್ಯೂರಿಂಗ್ ಮುಗಿಸಿ, ನಾಮಪತ್ರಕ್ಕೆ ಮೊದಲೇ ಎರಡೂ ಆರ್ಡರ್ ಇಳಿಸಿ ಸಹಿ ಮಾಡಿಸಿಕೊಂಡೆ. ಬಿಲ್ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟು ದಿನ ಕೂಲಿ ಕೊಡಲು ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲವೇ ಗತಿ. ಸಣ್ಣ ಗುತ್ತಿಗೆದಾರನ ಬಿಲ್ ನಿಂತರೆ ಎಷ್ಟು ಮನೆಯ ಒಲೆ ನಿಲ್ಲುತ್ತದೆ ಎಂದು ನನಗೆ ಗೊತ್ತು.

"ತಮ್ಮನ ಹೆಸರಿಗೆ ಮಾಡಿಬಿಡು, ಯಾರು ಕೇಳ್ತಾರೆ" ಎಂದು ಹೇಳಿದವರು ಜಾಸ್ತಿ. ಸಲಹೆ ಕೊಟ್ಟವರು ನನ್ನ ಒಳ್ಳೆಯದನ್ನೇ ಬಯಸಿದ್ದರು. ಆದರೆ ಹೆಸರು ತಮ್ಮನದು, ಲಾಭ ನನ್ನದು ಎಂದಾದರೆ ಊರಿಗೆ ತಿಳಿಯದೇ ಇರುತ್ತದೆಯೇ? ಸರ್ಕಾರದ ಆರ್ಡರ್ ಪೂರ್ತಿ ಬಿಟ್ಟೆ. 2022ರಲ್ಲಿ ನನ್ನ ಪಾಲನ್ನೇ ಪಾಲುದಾರರಿಗೆ ಮಾರಿದೆ. ಕೊನೆಯ ದಿನ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ನೀರು ಹೊಡೆದ ಪೈಪುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರು. ಸುತ್ತಿಗೆಯಿಂದ ಒಂದನ್ನು ಬಡಿದೆ. ಗಂಟೆಯ ಹಾಗೆ ಸದ್ದು ಬಂತು. ಬಿರುಕಿದ್ದರೆ ಸದ್ದು ಸತ್ತುಹೋಗುತ್ತದೆ. ಅವತ್ತು ಮನೆಗೆ ಬಂದು ಊಟ ಮಾಡಲಾಗಲಿಲ್ಲ.

2023ರಲ್ಲಿ ಒಂದು ಪಕ್ಷ ಬಿ ಫಾರಂ, ಅಂದರೆ ತನ್ನ ಅಧಿಕೃತ ಅಭ್ಯರ್ಥಿ ಎನ್ನುವ ಪತ್ರ, ಕೊಟ್ಟಿತು. ಟಿಕೆಟ್ ಹೇಗೆ ಸಿಕ್ಕಿತು ಎಂದು ಜನ ಕೇಳುತ್ತಾರೆ. ಸೋತ ಮೇಲೂ ಐದು ವರ್ಷ ಗ್ರಾಮಸಭೆಗಳಿಗೆ ಹೋಗಿ ಕೂತಿದ್ದೆ, ಊರೂರಿನ ಕೆರೆ ಏರಿ, ತೂಬು, ಮೋರಿ ಎಲ್ಲ ಗೊತ್ತಿತ್ತು. ಅದೇ ಕಾರಣ ಎಂದು ನನಗೆ ಹೇಳಿದರು, ನಾನೂ ಹಾಗೇ ನಂಬಿದ್ದೇನೆ. ಖರ್ಚಿನ ಮಿತಿ ಹಿಂದಿನ ಸಲ 28 ಲಕ್ಷ ಇದ್ದದ್ದು ಈ ಸಲ 40 ಲಕ್ಷ ಆಗಿತ್ತು. ಚುನಾವಣೆ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ದಿನದ ಲೆಕ್ಕ ದಿನವೇ ಬರೆಯುವುದು ವ್ಯಾಪಾರಸ್ಥನಿಗೆ ಹೊಸದಲ್ಲ. ಈ ಒಂದು ವಿಷಯದಲ್ಲಿ ನನಗೆ ಸುಲಭವಾಯಿತು.

ಕಷ್ಟವಾಗಿದ್ದು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ (ಅಫಿಡವಿಟ್). ಅದು ನಮೂನೆ 26. ನನ್ನದು, ಹೆಂಡತಿಯದು, ಅವಲಂಬಿತರದು ಎಲ್ಲರ ಆಸ್ತಿ, ಸಾಲ, ಐದು ವರ್ಷದ ಆದಾಯ ತೆರಿಗೆ ವಿವರ, ಸರ್ಕಾರದ ಜೊತೆ ಗುತ್ತಿಗೆ ಇದ್ದರೆ ಅದೂ. ಅಡುಗೆಮನೆಯ ನೆಲದ ಮೇಲೆ ಕೂತು ಒಡವೆಯ ತೂಕ ಬರೆದುಕೊಳ್ಳುತ್ತಿದ್ದೆವು. "ರೀ, ನಮ್ಮಮ್ಮ ಕೊಟ್ಟ ಸರಾನೂ ಬರೀಬೇಕಾ? ಊರೆಲ್ಲ ಓದ್ತಾರಲ್ರೀ" ಎಂದಳು. ಬರೀಬೇಕು ಎಂದೆ. ಅವಳು ಸ್ವಲ್ಪ ಹೊತ್ತು ಸರ ಕೈಯಲ್ಲಿ ಹಿಡಿದುಕೊಂಡು ಕೂತಿದ್ದು, ಆಮೇಲೆ ತಕ್ಕಡಿಯಲ್ಲಿಟ್ಟಳು. ಚುನಾವಣೆಗೆ ನಿಂತಿದ್ದು ನಾನು, ಆದರೆ ಅವಳ ತವರಿನ ಒಡವೆಯೂ ಎಲ್ಲರ ಕಣ್ಣಿಗೆ ಬಿತ್ತು. ಅವಳ ಆ ತ್ಯಾಗವನ್ನು ನಾನು ಮರೆಯುವುದಿಲ್ಲ. ಗೆದ್ದ ಮೇಲೂ ಇದು ತಪ್ಪುವುದಿಲ್ಲ. ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು.

ಮೇ 13ರಂದು ಗೆದ್ದೆ. ವಿಧಾನಸಭೆಯ 224 ಜನರಲ್ಲಿ ನಾನೂ ಒಬ್ಬನಾದೆ.

ಅಂಗಡಿಯಲ್ಲಿ ನಾನು "ಲೋಡ್ ಮಾಡಿ" ಎಂದರೆ ಲೋಡ್ ಆಗುತ್ತಿತ್ತು. ಇಲ್ಲಿ ಹಾಗಲ್ಲ. ಶಾಸಕರ ನಿಧಿ ಎಂದು ವರ್ಷಕ್ಕೆ 2 ಕೋಟಿ ಇದೆ, ಆದರೆ ನಾನು ಕಾಮಗಾರಿಗೆ ಶಿಫಾರಸು ಮಾಡಬಹುದು ಅಷ್ಟೇ. ಮಂಜೂರು ಮಾಡುವವರು ಜಿಲ್ಲಾಧಿಕಾರಿ, ಎಸ್ಟಿಮೇಟ್ ಹಾಕುವವರು ಎಂಜಿನಿಯರ್, ಕೆಲಸ ಮಾಡಿಸುವುದು ಇನ್ನೊಂದು ಏಜೆನ್ಸಿ. ಮೊದಲ ಮೂರು ತಿಂಗಳು ಬಂದವರಿಗೆಲ್ಲ "ಆಯ್ತು, ಮಾಡಿಸ್ತೀನಿ" ಎಂದು ಮಾತು ಕೊಟ್ಟೆ. ವ್ಯಾಪಾರದ ನಾಲಿಗೆ ಅದು. ಅದರಲ್ಲಿ ಎಷ್ಟೋ ನನ್ನ ಕೈಯಲ್ಲಿ ಇರಲಿಲ್ಲ, ಜನ ಎರಡನೇ ಸಲ ಬಂದಾಗ ಮುಖ ಕೊಟ್ಟು ಮಾತಾಡಲು ಸಂಕಟವಾಯಿತು.

ಆಮೇಲೆ ಒಂದು ಉದ್ದ ಪುಸ್ತಕ ತರಿಸಿದೆ, ಅಂಗಡಿಯಲ್ಲಿ ಇದ್ದಂಥದ್ದೇ. ಅರ್ಜಿ ಬಂದ ದಿನ, ಹೆಸರು, ಯಾವ ಕಚೇರಿಗೆ ಕಳಿಸಿದೆ, ಏನು ಉತ್ತರ ಬಂತು, ಒಂದು ಅರ್ಜಿಗೆ ಒಂದು ಸಾಲು. ಈಗ ಬಾಕಿ ಇರುವವನು ನಾನು. ಆಗದ ಕೆಲಸವಾದರೆ ಆಗುವುದಿಲ್ಲ ಎಂದು ಅವತ್ತೇ ಹೇಳುತ್ತೇನೆ. ಕೆಲವರು ಬೇಜಾರಾಗಿ ಹೋಗುತ್ತಾರೆ, ಆದರೆ ಸುಮ್ನೆ ಹತ್ತು ಸಲ ಅಲೆಯುವುದಿಲ್ಲ.

ಹಳೆಯ ಕಸುಬು ನೆರವಿಗೆ ಬಂದ ದಿನವೂ ಇದೆ. ಒಂದು ಹಳ್ಳಿಯಲ್ಲಿ ಮೋರಿ ಕೆಲಸ ನೋಡಲು ಹೋಗಿದ್ದೆ. ಎಸ್ಟಿಮೇಟಿನಲ್ಲಿ ಎನ್‌ಪಿ-3 ದರ್ಜೆಯ ಪೈಪು ಎಂದಿತ್ತು. ರಸ್ತೆಯ ಕೆಳಗೆ ಅದೇ ಬೇಕು, ಟ್ರ್ಯಾಕ್ಟರ್, ಲಾರಿ ಭಾರ ತಡೆಯಬೇಕಲ್ಲ. ಇಳಿಸಿದ್ದು ಅದಕ್ಕಿಂತ ಹಗುರ ದರ್ಜೆಯ ಎನ್‌ಪಿ-2, ಗೋಡೆ ಎಷ್ಟೋ ತೆಳು. ಬಾಯಿ ನೋಡಿದರೇ ನನಗೆ ತಿಳಿಯುತ್ತದೆ. ಟೇಪು ಹಿಡಿಸಿದೆ, ಎಂಜಿನಿಯರಿಂದ ಅಲ್ಲೇ ಅಳತೆ ಬರೆಸಿದೆ. ಯಾರ ಮೇಲೂ ಕೂಗಾಡಲಿಲ್ಲ. ಇಲಾಖೆಗಳ ಕೆಲಸದ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಆ ಅಳತೆಯನ್ನೇ ಓದಿದೆ. ಪೈಪು ವಾಪಸ್ ಹೋಗಿ ಬೇರೆ ಬಂತು. ಬಂದದ್ದು ಯಾರ ಅಂಗಳದ್ದು ಎಂದೂ ವಿಚಾರಿಸಿದೆ. ನಮ್ಮ ಹಳೆಯ ಪಾಲುದಾರರದ್ದಾಗಿರಲಿಲ್ಲ. ಆಗಿದ್ದರೆ ನಾನು ಸಭೆಯಲ್ಲಿ ಅದನ್ನೂ ಹೇಳಬೇಕಿತ್ತು.

ಈಚೆಗೆ ಒಂದು ದಿನ ಬೆಳಿಗ್ಗೆ ಆರೂವರೆಗೆ ಮನೆ ಮುಂದೆ ಒಬ್ಬರು ವಯಸ್ಸಾದವರು ನಿಂತಿದ್ದರು. 2018ರಲ್ಲಿ ಬಾಗಿಲು ಹಾಕಿಕೊಂಡಿದ್ದ ಮನೆಯವರು. ಅವರ ಕಂತು 2021ರಲ್ಲಿ ಮುಗಿದಿತ್ತು. "ಟಿಸಿ ಸುಟ್ಟು ಹನ್ನೊಂದು ದಿನ ಆಯ್ತಪ್ಪ, ತೋಟ ಒಣಗ್ತಿದೆ" ಎಂದರು. ಟಿಸಿ ಎಂದರೆ ನಮ್ಮ ಕಡೆ ಕರೆಂಟಿನ ಟ್ರಾನ್ಸ್‌ಫಾರ್ಮರ್. ಕುರ್ಚಿ ಹಾಕಿಸಿದೆ. ಕೂತರು, ಕಾಫಿ ಕುಡಿದರು. ಪುಸ್ತಕದಲ್ಲಿ ಅವರ ಹೆಸರು ಬರೆದು ಅವರ ಎದುರಿಗೇ ವಿದ್ಯುತ್ ಕಚೇರಿಗೆ ಫೋನ್ ಮಾಡಿದೆ. ಆರನೇ ದಿನ ಹೊಸ ಟಿಸಿ ಕಂಬ ಏರಿತು. ದಿನಾಂಕ ಬರೆದು ಆ ಸಾಲಿಗೆ ಗೆರೆ ಎಳೆದೆ.