ಬೋಧನೆ ತಪ್ಪೆನಿಸಿದಾಗ: ಆರೋಪಕ್ಕೆ ಮುನ್ನ ಸಭೆಯವರು ಅನುಸರಿಸಬೇಕಾದ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ಮತ್ತು ಬೇಳದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಗುಡ್ಡಗಾಡಿನ ವೆಳ್ಳರಿಕುಂಡು ಕಡೆಯ, ಪೂರ್ವದ ಸಂಪ್ರದಾಯದ ಕಥೋಲಿಕರಾದ ಸಿರೋ ಮಲಬಾರ್ ಕುಟುಂಬಗಳು ತಲಶ್ಶೇರಿ ಮಹಾಧರ್ಮಪ್ರಾಂತ್ಯದವು. ಇವುಗಳ ನಡುವೆ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಪೆಂತೆಕೋಸ್ತ್ ಸಭೆಗಳೂ ಇವೆ. ಒಂದೇ ಮನೆಯವರು ಬೇರೆ ಬೇರೆ ಕಡೆಯ ಧ್ಯಾನಕೂಟಗಳಿಗೆ ಹೋಗಿ ಬರುವ ಕಾಸರಗೋಡಿನಂತಹ ಜಿಲ್ಲೆಯಲ್ಲಿ ‘ಅಲ್ಲಿ ಹೇಳಿದ್ದು ಪಾಷಂಡವಾದ’ ಎಂಬ ಮಾತು ಬಹುಬೇಗ ಹುಟ್ಟಿಕೊಳ್ಳುತ್ತದೆ. ಅದು ಹಗುರವಾಗಿ ಆಡುವ ಮಾತಲ್ಲ.

1983ರ ಕಥೋಲಿಕ ಧರ್ಮಸಭಾ ಕಾನೂನಿನ 751ನೇ ವಿಧಿಯ ಪ್ರಕಾರ, ದೀಕ್ಷಾಸ್ನಾನ ಪಡೆದವರು ನಂಬಲೇಬೇಕಾದ ಸತ್ಯವೊಂದನ್ನು ಹಟಹಿಡಿದು ನಿರಾಕರಿಸುವುದು ಅಥವಾ ಹಟಹಿಡಿದು ಸಂದೇಹಿಸುವುದು ಪಾಷಂಡವಾದ. ಇಲ್ಲಿ ಹಟ ಎನ್ನುವುದೇ ಮುಖ್ಯ. ತಿಳಿಯದೆ ತಪ್ಪು ಹೇಳಿದವರು, ಪ್ರಶ್ನೆ ಕೇಳುವವರು, ಪ್ರಾರ್ಥಿಸಲಾಗದೆ ಒದ್ದಾಡುವವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಪೂಜೆಯ ಕ್ರಮ, ಹಾಡಿನ ಧಾಟಿ, ಉಪವಾಸದ ದಿನ, ಗುರುಗಳು ಯಾವ ದಿಕ್ಕಿಗೆ ಮುಖಮಾಡಿ ನಿಲ್ಲಬೇಕೆಂಬ ವಿವಾದ, ಇವೂ ಬರುವುದಿಲ್ಲ; ನಮ್ಮಲ್ಲಿ ಜಗಳ ಹೆಚ್ಚಾಗಿ ಇಂತಹವುಗಳ ಮೇಲೆಯೇ ನಡೆಯುತ್ತದೆ ಎಂಬುದು ಬೇರೆ ಮಾತು.

ಮೊದಲ ಕೆಲಸ: ಹೇಳಿದ್ದೇನೆಂದು ಖಚಿತಪಡಿಸಿಕೊಳ್ಳಿ

ಮಲಯಾಳದಲ್ಲಿ ಮಾಡಿದ ಪ್ರವಚನವನ್ನು ವೇದಿಕೆಯಲ್ಲಿಯೇ ಕನ್ನಡಕ್ಕೋ ತುಳುವಿಗೋ ತಿರುಗಿಸಿ ಹೇಳುವಲ್ಲಿ ದೋಷ ಬೋಧಕನದೋ ತಿರುಗಿಸಿದವನದೋ ಎಂಬುದನ್ನು ಮೊದಲು ನೋಡಬೇಕು. ವಾಟ್ಸಾಪ್‌ನಲ್ಲಿ ಬಂದ ತುಣುಕನ್ನಷ್ಟೇ ನಂಬದೆ ಇಡೀ ಪ್ರವಚನವನ್ನು ಕೇಳಿ, ಆಕ್ಷೇಪಾರ್ಹವೆನಿಸಿದ ವಾಕ್ಯವನ್ನು ಹೇಳಿದ ಭಾಷೆಯಲ್ಲಿಯೇ ಬರೆದಿಟ್ಟುಕೊಳ್ಳಿ.

ನಂತರ: ವಿಶ್ವಾಸ ಸಂಗ್ರಹದ (ಸಭೆಯ ನಂಬಿಕೆಗಳ ಸಾರದ) ಪಕ್ಕದಲ್ಲಿಟ್ಟು ನೋಡಿ

ಬೋಧಕನು ಬೈಬಲ್ ವಚನಗಳನ್ನು ಧಾರಾಳವಾಗಿ ಉದ್ಧರಿಸುತ್ತಾನೆ ಎಂಬುದು ಪರೀಕ್ಷೆಯಾಗಲಾರದು. ದೇವರ ಮಗನಾದ ಯೇಸು ಸೃಷ್ಟಿಯಾದವನೆಂದು ಬೋಧಿಸಿದ ಅಲೆಕ್ಸಾಂಡ್ರಿಯದ ಅರಿಯಸನ ಪಕ್ಷದವರೂ ‘ತಂದೆಯು ನನಗಿಂತ ದೊಡ್ಡವನು’ ಎಂಬ ಯೋಹಾನನ ಸುವಾರ್ತೆಯ ಮಾತನ್ನೇ ಆಧಾರವಾಗಿ ತೋರಿಸುತ್ತಿದ್ದರು. 325ರಲ್ಲಿ ನಿಸೀಯದಲ್ಲಿ ಸೇರಿದ ಮಹಾಸಭೆಯು ಮಗನು ತಂದೆಯೊಡನೆ ಏಕಸ್ವಭಾವದವನೆಂದು ಸಾರಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಂದಿಗೆ ಗುರುತಿಸಲಾಗುವ ವಿಸ್ತೃತ ರೂಪವೇ ಇಂದು ನಾವು ಆರಾಧನೆಯಲ್ಲಿ ಹೇಳುವ ವಿಶ್ವಾಸ ಸಂಗ್ರಹಕ್ಕೆ ಮೂಲ. ಲತೀನ್ ಕಥೋಲಿಕರು, ಸಿರೋ ಮಲಬಾರಿನವರು, ಸಿಎಸ್‌ಐನವರು ಎಲ್ಲರೂ ಅದನ್ನು ಒಪ್ಪುವುದರಿಂದ ನಮ್ಮ ಜಿಲ್ಲೆಗೆ ಇದಕ್ಕಿಂತ ಅನುಕೂಲವಾದ ಅಳತೆ ಸಿಗದು. ಕೇಳುಗರ ಸಂಖ್ಯೆಯೂ ಅಳತೆಯಲ್ಲ. ನಿಸೀಯದ ನಿಲುವಿಗೆ ಅಂಟಿಕೊಂಡ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಐದು ಬಾರಿ ಗಡೀಪಾರಾಗಬೇಕಾಯಿತು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಧರ್ಮೋಪದೇಶ ತರಗತಿಯಲ್ಲಿ ಶಿಕ್ಷಕಿಯೊಬ್ಬರು ತ್ರಿತ್ವವನ್ನು (ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳಿದ್ದಾರೆಂಬ ನಂಬಿಕೆಯನ್ನು) ವಿವರಿಸುತ್ತ, ‘ಒಬ್ಬನೇ ಮನುಷ್ಯ ತಾಯಿಗೆ ಮಗ, ಹೆಂಡತಿಗೆ ಗಂಡ, ಮಕ್ಕಳಿಗೆ ಅಪ್ಪ ಆಗಿರುವಂತೆ ದೇವರೂ ಮೂರಾಗಿದ್ದಾನೆ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಆದರೆ ಹಾಗೆ ಹೇಳಿದರೆ ತಂದೆ, ಮಗ, ಪವಿತ್ರಾತ್ಮ ಮೂವರು ವ್ಯಕ್ತಿಗಳಾಗಿ ಉಳಿಯದೆ ಒಬ್ಬನೇ ಧರಿಸಿದ ಮೂರು ಪಾತ್ರಗಳಾಗುತ್ತಾರೆ; ಮೂರನೆಯ ಶತಮಾನದಲ್ಲಿ ರೋಮಿನಲ್ಲಿ ಸಬೆಲ್ಲಿಯಸನ ಹೆಸರಿಗೆ ಅಂಟಿಕೊಂಡ, ಸಭೆ ತಿರಸ್ಕರಿಸಿದ ಬೋಧನೆ ಇದೇ. ಯೊರ್ದಾನ್ ನದಿಯಲ್ಲಿ ಮಗನಾದ ಯೇಸು ದೀಕ್ಷಾಸ್ನಾನ ಪಡೆದು ನೀರಿನಿಂದ ಮೇಲೆ ಬರುತ್ತಿದ್ದಾಗ ತಂದೆಯ ಧ್ವನಿ ಕೇಳಿಸಿತು, ಆತ್ಮನು ಪಾರಿವಾಳದಂತೆ ಇಳಿದನು. ಒಬ್ಬನೇ ಪಾತ್ರ ಬದಲಿಸುತ್ತಿದ್ದರೆ ಗೆತ್ಸೆಮನೆಯಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ? ಹೀಗೆ ಬೋಧನೆ ತಪ್ಪಾದರೂ ಶಿಕ್ಷಕಿ ಪಾಷಂಡಿಯಲ್ಲ. ಅವರು ವಿಶ್ವಾಸ ಸಂಗ್ರಹವನ್ನು ಪ್ರತಿ ಭಾನುವಾರ ಮನಸಾರೆ ಹೇಳುವವರು. ಆಯ್ದುಕೊಂಡ ಹೋಲಿಕೆ ಮಾತ್ರ ಕೈಕೊಟ್ಟಿದೆ. ಇದೇ ಮಾತನ್ನು ಒಬ್ಬ ಬೋಧಕನು, ತಿಳಿಹೇಳಿದ ಮೇಲೆಯೂ, ‘ತ್ರಿತ್ವ ಎಂಬುದೇ ಮನುಷ್ಯರ ಕಲ್ಪನೆ’ ಎಂದು ಸಮರ್ಥಿಸಿಕೊಂಡರೆ ಆಗ ವಿಷಯವೇ ಬೇರೆಯಾಗುತ್ತದೆ.

ಮಾತನಾಡುವ ಕ್ರಮ

ತಪ್ಪು ಕಂಡ ಕೂಡಲೇ ಮೈಕ್ ಹಿಡಿಯಬಾರದು. ಎಫೆಸದಲ್ಲಿ ಅಪೊಲ್ಲೋಸನ ಬೋಧನೆ ಅರೆಬರೆಯಾಗಿದ್ದಾಗ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಅವನನ್ನು ತಮ್ಮೊಡನೆ ಕರೆದೊಯ್ದು ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ವಿವರಿಸಿದರೆಂದು ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತದೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಕ್ರಮವೂ ಹಾಗೆಯೇ: ಮೊದಲು ಇಬ್ಬರೇ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಮೇಲೆಯೇ ಸಭೆಗೆ. ಭೇಟಿಯಾದಾಗ ತೀರ್ಪು ಹೇಳದೆ ‘ನೀವು ಹೇಳಿದ ಈ ಮಾತಿನ ಅರ್ಥವೇನು?’ ಎಂದು ಕೇಳಿದರೆ ಹಲವು ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ.

ಮುಗಿಯದಿದ್ದರೆ ಕಥೋಲಿಕರಲ್ಲಿ ವಿಷಯವನ್ನು ಬರವಣಿಗೆಯಲ್ಲಿ ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರಿಗೆ, ಅಲ್ಲಿಂದ ಬಿಷಪರಿಗೆ ತಲುಪಿಸಬೇಕು. ಒಬ್ಬರನ್ನು ಪಾಷಂಡಿಯೆಂದು ಘೋಷಿಸುವ ಅಧಿಕಾರ ವಾರ್ಡಿನ ಗುರಿಕಾರರಿಗಾಗಲಿ ಪಾಲನಾ ಮಂಡಳಿಗಾಗಲಿ ಇಲ್ಲ. ಸಿಎಸ್‌ಐನಲ್ಲಿಯೂ ಸಭಾಪಾಲಕರ ಮೇಲೆ ಬಿಷಪರಿದ್ದಾರೆ. ಸ್ವತಂತ್ರ ಸಭೆಗಳಲ್ಲಿ ಹಿರಿಯರ ಮಂಡಳಿಯೇ ಕೊನೆ. ಸಭೆಯನ್ನು ಕಟ್ಟಿದ ಪಾಸ್ಟರರೇ ಆರೋಪಿಯಾಗಿದ್ದು, ಅವರನ್ನು ಪ್ರಶ್ನಿಸುವುದನ್ನೇ ದೇವದ್ರೋಹವೆಂದು ಬಗೆಯುವ ಕಡೆ, ನನ್ನ ಅಭಿಪ್ರಾಯದಲ್ಲಿ, ಬೋಧನೆಯ ತಪ್ಪಿಗಿಂತ ಆ ಮೌನವೇ ಹೆಚ್ಚು ಅಪಾಯಕಾರಿ. ಅಂತಹ ಸಭೆಯನ್ನು ಬಿಟ್ಟು ಬರುವುದು ತಪ್ಪಲ್ಲ.

ಒಂದೆರಡು ಬಾರಿ ಎಚ್ಚರಿಸಿದ ಮೇಲೂ ಭೇದ ಹುಟ್ಟಿಸುವವನಿಂದ ದೂರವಿರಿ ಎಂದು ಬೈಬಲಿನಲ್ಲಿ ತೀತನಿಗೆ ಬರೆದ ಪತ್ರದಲ್ಲಿದೆ. ದೂರವಿರುವುದೆಂದರೆ ಬೋಧನಾಪೀಠವನ್ನು ಕೊಡದಿರುವುದೇ ಹೊರತು ಅವರ ಮನೆಯ ಮದುವೆ, ಸಾವುಗಳಿಗೆ ಹೋಗದಿರುವುದಲ್ಲ. ಟ್ರಿಯರ್‌ನಲ್ಲಿ 385ರ ಸುಮಾರಿಗೆ ರೋಮನ್ ಚಕ್ರವರ್ತಿ ಮ್ಯಾಕ್ಸಿಮಸ್, ತಪ್ಪು ಬೋಧನೆಯ ಆರೋಪ ಹೊತ್ತಿದ್ದ ಸ್ಪೇನಿನ ಬಿಷಪ್ ಪ್ರಿಸ್ಸಿಲ್ಲಿಯನನಿಗೆ ಮರಣದಂಡನೆ ವಿಧಿಸಲು ಹೊರಟಾಗ, ಅವನ ಬೋಧನೆಯನ್ನು ಒಪ್ಪದಿದ್ದ ಟೂರ್ಸಿನ ಬಿಷಪ್ ಮಾರ್ಟಿನ್ ಅವರೇ ಅದನ್ನು ವಿರೋಧಿಸಿದ್ದರು.

ಬೋಧಕರು ತಿದ್ದಿಕೊಂಡರೆ, ತಪ್ಪನ್ನು ಎಲ್ಲಿ ಹೇಳಿದ್ದರೋ ಅಲ್ಲಿಯೇ, ಅದೇ ಕೇಳುಗರ ಮುಂದೆ ಅವರ ಬಾಯಿಂದಲೇ ತಿದ್ದುಪಡಿ ಬರಲಿ. ಮೇಲಿನ ಉದಾಹರಣೆಯ ಶಿಕ್ಷಕಿಯ ವಿಷಯದಲ್ಲಾದರೆ ಮುಂದಿನ ತರಗತಿಯಲ್ಲಿ ಯೊರ್ದಾನಿನ ಪ್ರಸಂಗವನ್ನು ಅವರಿಂದಲೇ ಪಾಠ ಮಾಡಿಸಿದರೆ ಸಾಕು.