ಇನ್‌ಲೆಟ್ ವಾಲ್ವ್ ಇಲ್ಲದ ಬ್ರೇಕ್ ಪಂಪ್: ನನ್ನ ಅನುಭವ

ಮಂಡ್ಯದಲ್ಲಿ ನಮ್ಮದು ಚಿಕ್ಕ ಲೇತ್ ಶಾಪ್. ಕಬ್ಬಿನ ಸೀಸನ್‌ನಲ್ಲಿ ಟೆಂಪೊ, ಮಿನಿ ಲಾರಿಗಳ ಮಾಸ್ಟರ್ ಸಿಲಿಂಡರ್ (ಬ್ರೇಕ್ ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವುದು), ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಒತ್ತುವುದು) ರಿಪೇರಿಗೆ ಬರುವುದು ಜಾಸ್ತಿ. ಗಾಡಿಗೆ ಹಾಕುವ ಮೊದಲು ಬೆಂಚಿನ ಮೇಲೇ 100 ಬಾರ್ ಒತ್ತಡ ಕೊಟ್ಟು ನೋಡಲು ಲಿವರ್ ಪಂಪ್ ಒಂದನ್ನು ಮಾಡಿಕೊಂಡಿದ್ದೆ. ಗೊತ್ತಿರುವ ನಾಲ್ಕಾರು ಗ್ಯಾರೇಜಿನವರೂ ಮಾಡಿಸಿಕೊಂಡರು. ಆಮೇಲೆ ಶುರುವಾಯಿತು ದೂರು. ಎಲ್ಲ ಇನ್‌ಲೆಟ್ ವಾಲ್ವಿನದೇ. ಟ್ಯಾಂಕಿನ ಫ್ಲೂಯಿಡನ್ನು ಪಂಪಿನೊಳಕ್ಕೆ ಬಿಟ್ಟು, ವಾಪಸ್ ಹೋಗದಂತೆ ತಡೆಯುವುದು ಅದು. ಒಳಗೆ ಬಾಲ್, ಸ್ಪ್ರಿಂಗ್, ಬಾಲ್ ಕೂರುವ ಸೀಟ್, ಪ್ಲಗ್, ತಾಮ್ರದ ವಾಷರ್. ಬಾಲ್ ಕೆಳಗೆ ಒಂದು ಚೂರು ಕಸ ಕೂತರೆ ಸಾಕು, ಲಿವರ್ ಮೆತ್ತಗೆ ಇಳಿಯುತ್ತದೆ, ಗೇಜಿನ ಮುಳ್ಳು ಏಳುವುದಿಲ್ಲ.

ಒಂದು ದಿನ ಮಗನ ಸೈಕಲ್‌ಗೆ ಗಾಳಿ ಹೊಡೆಯುತ್ತಿದ್ದೆ. ಪಂಪಿನೊಳಗೆ ಇರುವುದು ಒಂದು ವಾಷರ್ ಅಷ್ಟೆ. ಎಳೆದಾಗ ಗಾಳಿ ಬಿಡುತ್ತದೆ, ಒತ್ತಿದಾಗ ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಮುಂದೆ ಕೂರುವ ರಬ್ಬರ್ ಕಪ್ ಕೂಡ ಅದೇ ಕೆಲಸ ಮಾಡುತ್ತದಲ್ವಾ? ದಿನಾ ಕೈಯಲ್ಲಿ ಹಿಡಿದಿದ್ದೂ ಹೊಳೆದಿರಲಿಲ್ಲ. ಕಪ್ಪನ್ನೇ ವಾಲ್ವ್ ಮಾಡಿ, ಅದರ ಬೆನ್ನ ಹಿಂದೆ ಟ್ಯಾಂಕಿನ ಫ್ಲೂಯಿಡ್ ಕೊಟ್ಟರೆ ಆಯಿತು ಅಂದುಕೊಂಡೆ.

ನಮ್ಮ ಭಾವ ಮೈಸೂರಿನಲ್ಲಿ ಟೂಲ್ ರೂಮ್ ಕೆಲಸದವರು. ಚಿತ್ರ ತೋರಿಸಿದೆ. "ಲೋ, ಇಷ್ಟು ಸುಲಭ ಇದ್ದಿದ್ರೆ ಎಲ್ರೂ ಬಾಲ್ ಯಾಕೆ ಹಾಕ್ತಿದ್ರು?" ಅಂದರು. ನನಗೆ ಸ್ವಲ್ಪ ಉರಿಯಿತು.

ಮೊದಲನೆಯದು ಎರಡು ವಾರದಲ್ಲಿ ರೆಡಿ. 12.7 ಮಿಮೀ ಬೋರ್, ಬೈಕಿನ ಡಿಸ್ಕ್ ಬ್ರೇಕ್ ಕಿಟ್‌ನ ಕಪ್. ಹಿಂದಿನ ಫ್ಲೂಯಿಡ್ ಕಪ್ಪಿನ ಬೆನ್ನಿಗೆ ಬರಲಿ ಅಂತ ಪಿಸ್ಟನ್ ಮುಖಕ್ಕೆ 2 ಮಿಮೀ ತೂತು ಆರು. 60 ಬಾರ್ ದಾಟಿದ ಮೇಲೆ ಕಪ್ ಬಿಚ್ಚಿ ನೋಡಿದರೆ ಬೆನ್ನ ಮೇಲೆ ಆರು ಮೊಡವೆ! ರಬ್ಬರ್ ತೂತಿನೊಳಕ್ಕೆ ನುಗ್ಗಿತ್ತು. ತೂತನ್ನು 1 ಮಿಮೀಗೆ ಇಳಿಸಿದೆ, ಅಂಚನ್ನು ಉಜ್ಜಿದೆ, ಪಿಸ್ಟನ್ನಿಗೂ ಕಪ್ಪಿಗೂ ಮಧ್ಯೆ ಒಂದು ತೆಳು ತಗಡಿನ ವಾಷರ್ ಇಟ್ಟೆ. ಆ ವಾಷರನ್ನು ಯಾವ ಆಕಾರಕ್ಕೆ ಕತ್ತರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಮೂರು ಭಾನುವಾರ ಹೋಗಿದೆ.

ಎರಡನೇ ಸಲ ಪೂರ್ತಿ ನನ್ನದೇ ತಪ್ಪು. ಹಿಂದಿನ ಸೀಲಿಗೆ ಡಬ್ಬದಲ್ಲಿ ಸಿಕ್ಕ ನೈಟ್ರೈಲ್ ರಬ್ಬರಿನ ಓ-ರಿಂಗ್ ಹಾಕಿಬಿಟ್ಟೆ. ಡಾಟ್ 3 ಬ್ರೇಕ್ ಫ್ಲೂಯಿಡ್ ಕುಡಿದು ಊದಿಕೊಂಡಿತು, ಪಿಸ್ಟನ್ ವಾಪಸ್ ಬರಲಿಲ್ಲ. ತೆಗೆಯುವ ಆತುರದಲ್ಲಿ ಬೋರ್‌ಗೆ ಗೀರು. ಆ ಬಾಡಿ ಗುಜರಿಗೆ. ಫ್ಲೂಯಿಡ್ ಚೆಲ್ಲಿ ಹೊಸ ಬೆಂಚಿನ ಪೇಂಟೂ ಎದ್ದು ಬಂತು.

ಮೂರನೆಯದು ಸತಾಯಿಸಿದಷ್ಟು ಯಾವುದೂ ಸತಾಯಿಸಲಿಲ್ಲ. ಎಲ್ಲ ಸರಿಯಿದೆ, ಆದರೆ ಖಾಲಿ ಪಂಪ್ ಫ್ಲೂಯಿಡ್ ಎತ್ತುವುದೇ ಇಲ್ಲ. ನೂರು ಸಲ ಲಿವರ್ ಹೊಡೆದರೂ ಫ್ಲೂಯಿಡ್ ಹೊರಬಿಡುವ ಔಟ್‌ಲೆಟ್ ಬಾಲ್ ಅಲುಗುವುದಿಲ್ಲ. ಕಪ್ ಮುಂದಿನ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ಕೂತು, ಒತ್ತಿದಾಗ ಕುಗ್ಗಿ, ಬಿಟ್ಟಾಗ ಹಿಗ್ಗುತ್ತಿತ್ತು. ಸ್ಪ್ರಿಂಗಿನ ಹೊಟ್ಟೆಯೊಳಗೆ ಒಂದು ಅಲ್ಯೂಮಿನಿಯಂ ತುಂಡು ಇಟ್ಟು ಖಾಲಿ ಜಾಗ ತುಂಬಿದೆ. ಔಟ್‌ಲೆಟ್ಟನ್ನು ಪಂಪಿನ ತಲೆಯ ಮೇಲಕ್ಕೆ ತಂದೆ, ಅದರ ಸ್ಪ್ರಿಂಗನ್ನು ಸಡಿಲ ಮಾಡಿದೆ. ಎಂಟೊಂಬತ್ತು ಹೊಡೆತಕ್ಕೆ ಎತ್ತಿಕೊಂಡಿತು.

ಅಷ್ಟಕ್ಕೇ ಸುಮ್ನೆ ಇರಬಾರದಿತ್ತೇ? ಔಟ್‌ಲೆಟ್ ಬಾಲನ್ನೂ ತೆಗೆಯೋಣ ಅಂತ ಹಳೇ ಸೈಕಲ್ ವಾಲ್ವ್ ಟ್ಯೂಬನ್ನು ತೂತಿನ ಮೇಲೆ ತೊಡಿಸಿದೆ. ಮೂರು ದಿನ ಅದ್ಭುತ. ನಾಲ್ಕನೇ ದಿನ ರಬ್ಬರ್ ತೂತಿನೊಳಗೆ ಹರಿದು ಕೂತಿತ್ತು. ಬಾಲ್‌ಗೇ ವಾಪಸ್ ಬಂದೆ. ಸೀಟ್ ಬಾಲಿನ ಆಕಾರಕ್ಕೆ ಕೂರಲಿ ಅಂತ ಅದರ ಮೇಲೆ ಬೇರಿಂಗ್ ಬಾಲ್ ಇಟ್ಟು, ಹಿತ್ತಾಳೆ ಕಡ್ಡಿಯಿಂದ ಒಂದೇ ಏಟು ಹಾಕಿ, ಆ ಬಾಲ್ ಎಸೆದು ಹೊಸದು ಹಾಕುತ್ತೇನೆ. ಎರಡನೇ ಏಟು ಹಾಕಿದರೆ ಸೀಟ್ ಕೆಟ್ಟಿತು ಅಂತಲೇ ಲೆಕ್ಕ.

ಕೈ ಬಿಟ್ಟ ದುಡ್ಡು ಹನ್ನೊಂದು ಹನ್ನೆರಡು ಸಾವಿರ ಇರಬಹುದು, ನನ್ನ ಕೂಲಿ ಬಿಟ್ಟು. ಹಳೇ ಪಂಪಿಗೆ ಮೆಷಿನಿಂಗೇ ಸುಮಾರು 1,400 ರೂಪಾಯಿ ಬೀಳುತ್ತಿತ್ತು. ಈಗ ಆರೇಳು ನೂರರಲ್ಲಿ ಮುಗಿಯುತ್ತದೆ. 100 ಬಾರಿಗೆ ಪಿಸ್ಟನ್ ಮೇಲೆ ಹತ್ತಿರ ಹತ್ತಿರ 130 ಕೆಜಿ ಭಾರ. ಲಿವರ್ ಕೈಯ ಬಲವನ್ನು ಹನ್ನೆರಡು ಪಟ್ಟು ಮಾಡುತ್ತದೆ, ಹಾಗಾಗಿ ಕೈಗೆ ಹನ್ನೊಂದು ಕೆಜಿ ಅಷ್ಟೆ. ನಮ್ಮ ಹುಡುಗ ಒಂದೇ ಕೈಯಲ್ಲಿ ಹೊಡೆಯುತ್ತಾನೆ.

ಹಬ್ಬಕ್ಕೆ ಬಂದಿದ್ದ ಭಾವನಿಗೆ 100 ಬಾರಿಗೆ ಏರಿಸಿ ತೋರಿಸಿ, ಶಾಪ್‌ಗೆ ಬೀಗ ಹಾಕಿ ಊಟಕ್ಕೆ ಕರೆದುಕೊಂಡು ಹೋದೆ. ಬೆಳಿಗ್ಗೆ ನನಗಿಂತ ಮುಂಚೆ ಅವರೇ ಬೀಗ ತೆಗೆಸಿ ನೋಡಿದ್ದರು. ಮುಳ್ಳು 96ರ ಹತ್ತಿರ ಇತ್ತು. ಅವರು ಏನೂ ಅನ್ನಲಿಲ್ಲ. ಪಂಪ್ ಬಿಚ್ಚಿಸಿ, ಆ ವಾಷರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸುತ್ತಿದ್ದರು.