ಮಾವನ ಪ್ರೆಸ್ಸಿಗೆ ಎಫ್‌ಟಿಪಿ ಸರ್ವರ್ ಹಾಕಿದ್ದು: ನನ್ನ ಅನುಭವ

ಶಿವಮೊಗ್ಗದಲ್ಲಿ ನಮ್ ಮಾವಂದು ಒಂದು ಆಫ್‌ಸೆಟ್ ಪ್ರೆಸ್ ಇದೆ, ಮದುವೆ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು ಹಿಂಗೆ. ಹೊರಗಿನ ಡಿಸೈನರ್‌ಗಳು ಫೈಲ್ ಕಳಿಸೋದೇ ಅಲ್ಲಿ ದಿನಾ ಗೋಳು. ಮೇಲ್‌ನಲ್ಲಿ 25 ಎಂಬಿ ದಾಟಿದ್ರೆ ಹೋಗಲ್ಲ, ಮೊಬೈಲಲ್ಲಿ ಫೋಟೋ ಅಂತ ಕಳಿಸಿದ್ರೆ ಕುಗ್ಗಿ ಬರುತ್ತೆ, ಅದನ್ನ ಪ್ಲೇಟಿಗೆ ಹಾಕೋಕಾಗಲ್ಲ, ಕೊನೆಗೆ ಭದ್ರಾವತಿಯಿಂದ ಪೆನ್‌ಡ್ರೈವ್ ಹಿಡ್ಕೊಂಡು ಬಸ್ಸಲ್ಲಿ ಬರೋರು. ಇನ್ನೊಂದು ಕಡೆ ಪ್ರೆಸ್ಸಲ್ಲಿ ಒಂದು ಹಳೇ ಕಾಪಿಯರ್ ಮಷೀನಿದೆ, ಅದು ಸ್ಕ್ಯಾನ್ ಮಾಡಿದ್ದನ್ನ ನೆಟ್‌ವರ್ಕಿಗೆ ಕಳಿಸ್ಬೇಕು ಅಂದ್ರೆ ಇರೋದು ಎರಡೇ ದಾರಿ, ಒಂದು ಎಫ್‌ಟಿಪಿ (ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಫೈಲ್ ಸಾಗಿಸೋ ಹಳೇ ಪದ್ಧತಿ), ಇನ್ನೊಂದು ನೆಟ್‌ವರ್ಕಲ್ಲಿ ಫೋಲ್ಡರ್ ಹಂಚೋ ಎಸ್‌ಎಂಬಿಯ ಮೊದಲನೇ ವರ್ಷನ್ನು. ಆ ಹಳೇ ಎಸ್‌ಎಂಬಿ ಈಗ ವಿಂಡೋಸಲ್ಲೂ ಲಿನಕ್ಸಲ್ಲಿ ಅದೇ ಕೆಲಸ ಮಾಡೋ ಸಾಂಬಾದಲ್ಲೂ ಡೀಫಾಲ್ಟ್ ಆಗಿ ಬಂದ್, ಸೇಫ್ಟಿ ದೃಷ್ಟಿಯಿಂದ ಅದನ್ನ ಮತ್ತೆ ಆನ್ ಮಾಡೋಕೆ ನಂಗೆ ಮನಸ್ಸೂ ಬರ್ಲಿಲ್ಲ. ಮಾವ "ಏನಾದ್ರೂ ಮಾಡೋ, ಈ ಪೆನ್‌ಡ್ರೈವ್ ಕಾಟ ತಪ್ಪಿಸು" ಅಂದ್ರು. ಮೂಲೇಲಿ ಬಿದ್ದಿದ್ದ ಒಂದು 4 ಜಿಬಿ ರ‍್ಯಾಮಿನ ಡೆಸ್ಕ್‌ಟಾಪ್ ತಗೊಂಡು ಉಬುಂಟು ಸರ್ವರ್ 22.04 ಅನ್ನೋ ಲಿನಕ್ಸ್ ಹಾಕ್ದೆ.

ಅದರಲ್ಲಿ ಯಾವ ಎಫ್‌ಟಿಪಿ ಸರ್ವರ್ ಸಾಫ್ಟ್‌ವೇರ್ ಅನ್ನೋದಕ್ಕೆ ಎರಡು ದಿನ ತಗೊಂಡೆ. ಪ್ರೊಎಫ್‌ಟಿಪಿಡಿ ಕಾನ್ಫಿಗ್ (ಸೆಟ್ಟಿಂಗ್ ಬರೆಯೋ ಫೈಲು) ಅಪಾಚೆ ವೆಬ್ ಸರ್ವರ್ ಥರಾನೇ ಇರುತ್ತೆ, ಅಪಾಚೆ ಗೊತ್ತಿರೋರಿಗೆ ಅದು ಮನೆ ಇದ್ದಂಗೆ. ಪ್ಯೂರ್ ಎಫ್‌ಟಿಪಿಡಿಯಲ್ಲಿ ಲಿನಕ್ಸ್ ಯೂಸರ್ ಮಾಡ್ದೇನೇ ಎಫ್‌ಟಿಪಿಗೆ ಮಾತ್ರ ಇರೋ ವರ್ಚುಯಲ್ ಯೂಸರ್ ಮಾಡೋದು ತುಂಬಾ ಸಲೀಸು, ನೂರಾರು ಜನಕ್ಕೆ ಅಕೌಂಟ್ ಕೊಡೋದಿದ್ರೆ ನಾನು ಅದನ್ನೇ ಹಾಕ್ತಿದ್ದೆ. ನಂಗೆ ಬೇಕಿದ್ದದ್ದು ಏಳೆಂಟು ಅಕೌಂಟು, ಅದಕ್ಕೆ ವಿಎಸ್‌ಎಫ್‌ಟಿಪಿಡಿ ಸಾಕು ಅನ್ಸ್ತು, ಒಂದೇ ಕಾನ್ಫಿಗ್ ಫೈಲು, ಒಂದೊಂದು ಸಾಲಲ್ಲಿ ಒಂದೊಂದು ಸೆಟ್ಟಿಂಗು. 2011ರಲ್ಲಿ ಇದರ 2.3.4 ವರ್ಷನ್ನಿನ ಡೌನ್‌ಲೋಡಲ್ಲೇ ಯಾರೋ ಹಿಂಬಾಗಿಲು ಸೇರಿಸಿದ್ರು, ಯೂಸರ್‌ನೇಮಲ್ಲಿ ನಗೋ ಮುಖದ ಚಿಹ್ನೆ ಹಾಕಿದ್ರೆ 6200ನೇ ಪೋರ್ಟಲ್ಲಿ (ನೆಟ್‌ವರ್ಕಿನ ನಂಬರ್ ಹಾಕಿದ ಬಾಗಿಲು) ಶೆಲ್, ಅಂದ್ರೆ ಕಮಾಂಡ್ ಕೊಡೋ ಜಾಗ, ತೆರೀತಿತ್ತು. ಅದನ್ನ ಬೇಗ ಕಂಡುಹಿಡಿದು ತೆಗೆದ್ರು, ಆದ್ರೂ ಅದಕ್ಕೇ ಹೇಳೋದು, ಎಲ್ಲೆಲ್ಲಿಂದಲೋ ಟಾರ್‌ಬಾಲ್ (ಸಾಫ್ಟ್‌ವೇರಿನ ಕಟ್ಟು) ತಂದು ಹಾಕ್ಬೇಡಿ, ಉಬುಂಟುವಿನದೇ ಇನ್‌ಸ್ಟಾಲ್ ಕಮಾಂಡ್ ಏಪ್ಟ್ ಮೂಲಕಾನೇ ಹಾಕಿ.

ಮೊದಲು ಕಾಪಿಯರಿಗೆ ಒಂದು ಯೂಸರ್ ಮಾಡ್ದೆ, ಅದು ಸರ್ವರಿಗೆ ಲಾಗಿನ್ ಆಗ್ಬಾರ್ದು ಅಂತ ಶೆಲ್ ಜಾಗದಲ್ಲಿ ಒಳಗೆ ಬಿಡದ ನೋಲಾಗಿನ್ ಕೊಟ್ಟೆ. ಟೆಸ್ಟ್ ಮಾಡಿದ್ರೆ ಎರರ್ ಬಂತು: 530, ಲಾಗಿನ್ ಇನ್‌ಕರೆಕ್ಟ್. ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದ ಮೇಲೆ ಗೊತ್ತಾಯ್ತು, ಪಾಸ್‌ವರ್ಡ್ ಸರಿಯಾಗೇ ಇದೆ, ಲಿನಕ್ಸಲ್ಲಿ ಲಾಗಿನ್ ಪರೀಕ್ಷೆ ಮಾಡೋ ಪ್ಯಾಮ್ ಅನ್ನೋದು ಆ ಶೆಲ್ ಇಟಿಸಿ ಶೆಲ್ಸ್ ಅನ್ನೋ ಒಪ್ಪಿತ ಶೆಲ್‌ಗಳ ಪಟ್ಟೀಲಿ ಇದ್ಯಾ ಅಂತ ನೋಡಿ ಬಾಗಿಲು ಹಾಕ್ತಿದೆ. ವಿಎಸ್‌ಎಫ್‌ಟಿಪಿಡಿಯ ಪ್ಯಾಮ್ ಫೈಲಲ್ಲಿ ಪ್ಯಾಮ್ ಶೆಲ್ಸ್ ಸಾಲನ್ನ ಲೆಕ್ಕಕ್ಕೆ ಬರದಂಗೆ ಕಾಮೆಂಟ್ ಮಾಡ್ದೆ, ಒಳಗೆ ಬಂತು. ಬಂದ ಮೇಲೆ 500 ಊಪ್ಸ್ ಅಂತ ಇನ್ನೊಂದು ಎರರ್. ಯೂಸರನ್ನ ಅವನ ಫೋಲ್ಡರಲ್ಲೇ ಕಟ್ಟಿಹಾಕೋ ಕ್ರೂಟ್ ಆನ್ ಮಾಡಿದ್ರೆ, ಆ ಮೇಲಿನ ಫೋಲ್ಡರಿಗೆ ಅವನಿಗೆ ಬರೆಯೋ ಹಕ್ಕು ಇರಬಾರ್ದು ಅನ್ನೋದು ಇದರ ರೂಲು. ಅಲೋ ರೈಟಬಲ್ ಕ್ರೂಟ್ ಅಂತ ಒಂದು ಸಾಲು ಹಾಕಿದ್ರೆ ಎರರ್ ಹೋಗುತ್ತೆ, ಎಲ್ಲರೂ ಅದನ್ನೇ ಹೇಳೋದು, ಆದ್ರೆ ಆ ಚೆಕ್ ಇಟ್ಟಿರೋದು ಸುಮ್ನೆ ಅಲ್ಲ. ನಾನು ಮೇಲಿನ ಫೋಲ್ಡರನ್ನ ರೂಟ್ (ಲಿನಕ್ಸಿನ ಅಡ್ಮಿನ್) ಹೆಸರಲ್ಲೇ ಬಿಟ್ಟು, ಒಳಗೆ "ಒಳಬರುವುದು" ಅಂತ ಇನ್ನೊಂದು ಫೋಲ್ಡರ್ ಮಾಡಿ ಅದಕ್ಕೆ ಮಾತ್ರ ಹಕ್ಕು ಕೊಟ್ಟೆ.

ಇನ್ನು ಹೊರಗಿನವರ ವಿಷಯ, ವಾರ ಹಿಡಿದಿದ್ದು ಇದೇ. ಎಫ್‌ಟಿಪಿಗೆ ಎರಡು ಕನೆಕ್ಷನ್ ಬೇಕು, ಮಾತಾಡೋಕೆ 21ನೇ ಪೋರ್ಟಲ್ಲಿ ಒಂದು, ಫೈಲ್ ಸಾಗಿಸೋಕೆ ಬೇರೆ ಒಂದು. ಪ್ಯಾಸಿವ್ ಮೋಡಲ್ಲಿ ಆ ಎರಡನೇದು ಯಾವ ವಿಳಾಸ, ಯಾವ ಪೋರ್ಟ್ ಅಂತ ಸರ್ವರೇ ಹೇಳುತ್ತೆ. 40000ದಿಂದ 40100ರ ತನಕ ಪೋರ್ಟ್ ಗೊತ್ತು ಮಾಡಿ, ರೂಟರಲ್ಲೂ ಸರ್ವರಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂನಲ್ಲೂ ತೆರೆದೆ, ಇಂಟರ್ನೆಟ್ ಕೊಡೋರ ಹತ್ರ ಮಾತಾಡಿ ಸ್ಟಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತಗೊಂಡೆ. ಅದಿಲ್ದೇ ಹೋದ್ರೆ ಎಷ್ಟೋ ಕನೆಕ್ಷನ್ನಲ್ಲಿ ಹೊರಗಿಂದ ಒಳಗೆ ಬರೋಕೇ ಆಗಲ್ಲ, ಒಂದೇ ಐಪಿಯನ್ನ ತುಂಬಾ ಮನೆಗಳಿಗೆ ಹಂಚಿರ್ತಾರೆ. ಮೊಬೈಲ್ ಡೇಟಾದಿಂದ ಟೆಸ್ಟ್ ಮಾಡ್ದೆ, ಕೆಲಸ ಮಾಡ್ತು. ಆದ್ರೆ ನೆಟ್‌ವರ್ಕಲ್ಲಿ ಓಡೋದನ್ನ ತೋರಿಸೋ ಟಿಸಿಪಿಡಂಪ್ ಹಾಕಿ ನೋಡಿದ್ರೆ ಪಾಸ್‌ವರ್ಡ್ ಕಣ್ಣೆದುರಿಗೇ ಓಡ್ತಿದೆ, ಹಂಗಾಗಿ ಎನ್‌ಕ್ರಿಪ್ಟ್ ಮಾಡೋ (ಗುಟ್ಟಾಗಿ ಕಳಿಸೋ) ಟಿಎಲ್‌ಎಸ್ ಆನ್ ಮಾಡ್ದೆ. ಮಾಡಿದ್ದೇ ತಡ, ಲಾಗಿನ್ ಆಗುತ್ತೆ, ಫೈಲ್ ಪಟ್ಟಿ ಬರಲ್ಲ, ಸುಮ್ನೆ ಕಾಯ್ತಾ ಕೂತಿರುತ್ತೆ.

ಕಾರಣ ಏನಪ್ಪಾ ಅಂದ್ರೆ, ಸರ್ವರ್ ತನ್ನ ವಿಳಾಸ ಅಂತ ಹೇಳ್ತಿದ್ದದ್ದು 192.168ರ ಒಳಗಿನ ವಿಳಾಸ. ಅಲ್ಲೀ ತನಕ ರೂಟರ್ ಮಧ್ಯದಲ್ಲಿ ಆ ಮಾತು ಓದಿ ಹೊರಗಿನ ವಿಳಾಸ ತಿದ್ದಿ ಕಳಿಸ್ತಿತ್ತು, ಈಗ ಮಾತು ಎನ್‌ಕ್ರಿಪ್ಟ್ ಆಗಿರೋದ್ರಿಂದ ಅದಕ್ಕೆ ಓದೋಕಾಗಲ್ಲ. ಫೈಲ್‌ಜಿಲ್ಲಾ ಅನ್ನೋ ಎಫ್‌ಟಿಪಿ ಆ್ಯಪ್ ಇದ್ದೋರಿಗೆ ಮಾತ್ರ ಹೋಗ್ತಿತ್ತು, ಅದು ಒಳಗಿನ ವಿಳಾಸ ಕಂಡ್ರೆ ಬಿಟ್ಟು ಸರ್ವರಿನ ನಿಜವಾದ ವಿಳಾಸಕ್ಕೇ ಹೋಗುತ್ತೆ, ಅದರಿಂದ ನಾನು ಇನ್ನೂ ಗೊಂದಲಕ್ಕೆ ಬಿದ್ದೆ. ಕಾನ್ಫಿಗಿನ ಪ್ಯಾಸ್ವ್ ಅಡ್ರೆಸ್ ಸಾಲಲ್ಲಿ ಸ್ಟಾಟಿಕ್ ಐಪಿ ಹಾಕ್ದೆ, ಹೊರಗಿನೋರಿಗೆ ಸರಿ ಹೋಯ್ತು, ಒಳಗೆ ಕಾಪಿಯರ್ ನಿಂತೋಯ್ತು! ಅದಕ್ಕೂ ಹೊರಗಿನ ವಿಳಾಸಾನೇ ಹೋಗ್ತಿತ್ತು, ಪಕ್ಕದಲ್ಲಿರೋ ಸರ್ವರಿಗೆ ಬೀದಿ ಸುತ್ತಿ ಬರೋಕೆ ಆ ರೂಟರ್ ಬಿಡಲ್ಲ.

ಅಲ್ಲಿಗೆ ನಾನು ತೀರ್ಮಾನ ಮಾಡ್ದೆ, ಹೊರಗಿನೋರಿಗೆ ಎಫ್‌ಟಿಪಿ ಬೇಡ. ಅಭಯ್ ಭೂಷಣ್ ಇದನ್ನ ಮೊದಲು ಬರೆದಿದ್ದು 1971ರಲ್ಲಿ, ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋದ ನಮ್ ದೇಶದೋರು, ನಂಗೆ ಅವರ ಬಗ್ಗೆ ತುಂಬಾ ಗೌರವ ಇದೆ, ಆಗ ಈ ರೂಟರ್ ಮರೆ, ಐಪಿ ಹಂಚಿಕೆ ಯಾವುದೂ ಇರ್ಲಿಲ್ಲ. ಡಿಸೈನರ್‌ಗಳಿಗೆ ಎಸ್‌ಎಫ್‌ಟಿಪಿ ಕೊಟ್ಟೆ, ಹೆಸರು ಹತ್ರ ಇದ್ರೂ ಅದು ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಎನ್‌ಕ್ರಿಪ್ಟ್ ಆಗಿ ಲಾಗಿನ್ ಆಗೋ ದಾರಿ) ಒಳಗೆ ಹೋಗೋ ಬೇರೇನೇ ವಸ್ತು, ಒಂದೇ ಪೋರ್ಟ್ ಸಾಕು. ಓಪನ್‌ಎಸ್‌ಎಸ್‌ಎಚ್ ಕಾನ್ಫಿಗಲ್ಲಿ ಡಿಸೈನರ್ ಗುಂಪಿಗೆ ಅದರಲ್ಲೇ ಇರೋ ಇಂಟರ್ನಲ್ ಎಸ್‌ಎಫ್‌ಟಿಪಿ ಕಡ್ಡಾಯ ಮಾಡಿ ಕ್ರೂಟ್ ಹಾಕ್ದೆ, ಮೇಲಿನ ಫೋಲ್ಡರ್ ರೂಟ್‌ದೇ ಆಗಿರ್ಬೇಕು ಅನ್ನೋ ರೂಲು ಇಲ್ಲೂ ಅದೇ. ತಪ್ಪು ಪಾಸ್‌ವರ್ಡ್ ಹಾಕ್ತಾನೇ ಇರೋರನ್ನ ತಡೆಯೋ ಫೇಲ್‌ಟುಬ್ಯಾನ್ ಕೂಡ ಹಾಕಿದೀನಿ. ರೂಟರಲ್ಲಿ ತೆಗೆದಿದ್ದ 21, 40000 ಎಲ್ಲಾ ಮುಚ್ಚಿ, ಪ್ಯಾಸ್ವ್ ಅಡ್ರೆಸ್ ಅಳಿಸಿ, ಟಿಎಲ್‌ಎಸ್ ಬರದ ಆ ಕಾಪಿಯರಿಗೋಸ್ಕರ ಸಾದಾ ಎಫ್‌ಟಿಪಿ ಒಳಗಿನ ನೆಟ್‌ವರ್ಕಿಗೆ ಮಾತ್ರ ಬಿಟ್ಟಿದೀನಿ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳು ಸರಿಯಾಗೇ ಬರ್ತವೆ, ವಿಎಸ್‌ಎಫ್‌ಟಿಪಿಡಿ ಲಾಗಲ್ಲಿ ಮಾತ್ರ ಆ ಹೆಸರಿನ ಮಧ್ಯೆ ಪ್ರಶ್ನೆ ಗುರುತು ತುಂಬಿರುತ್ತೆ, ಗಾಬರಿ ಆಗ್ಬೇಡಿ. 30 ದಿನ ದಾಟಿದ ಫೈಲ್‌ಗಳನ್ನ ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸೋ ಪ್ರೋಗ್ರಾಂ) ಬೇರೆ ಡಿಸ್ಕಿಗೆ ಸಾಗಿಸುತ್ತೆ, ಅಳಿಸಲ್ಲ, ಯಾಕಂದ್ರೆ ಹೋದ ವರ್ಷದ ಕಾರ್ಡನ್ನೇ ಹೆಸರು ಬದಲಾಯಿಸಿ ಕೊಡಿ ಅಂತ ಕೇಳ್ಕೊಂಡು ಬರೋರು ಜಾಸ್ತಿ.